ಸುಣ್ಣಕಲ್ಲಿನ ಮೇಲಿನ ಕರಿಮಣ್ಣು: ಪ್ಲೇನೊದ ಒಂದು ಮನೆಯ ಪ್ರಕರಣ

2011ರ ಆಗಸ್ಟ್ ಎರಡನೇ ವಾರ ನಮ್ಮ ಮನೆಯ ಹಿಂದಿನ ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಕೀಲು ಸಡಿಲಾಗಿರಬೇಕೆಂದು ತಿರುಪು ಬಿಗಿ ಮಾಡಿದೆ. ಎರಡು ದಿನ ಬಿಟ್ಟು ನೋಡಿದರೆ ಚೌಕಟ್ಟಿನ ಮೇಲ್ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಒಂದು ಗೆರೆ ಹೊರಟಿತ್ತು. ಹೊರಗೆ ಹೋಗಿ ಸುತ್ತು ಹಾಕಿದೆ. ಆಗ್ನೇಯ ಮೂಲೆಯಲ್ಲಿ ಇಟ್ಟಿಗೆಗಳ ನಡುವಿನ ಗಾರೆ ಮೆಟ್ಟಿಲು ಮೆಟ್ಟಿಲಾಗಿ ಸೀಳಿತ್ತು. ಕೆಳಗೆ ಕೂದಲೆಳೆಯಷ್ಟು, ಮೇಲೆ ಸೂರಿನ ಹತ್ತಿರ ಕಿರುಬೆರಳು ತೂರುವಷ್ಟು. ಮನೆಯ ತಳದ ಕಾಂಕ್ರೀಟಿಗೂ ಹಿತ್ತಲ ಮಣ್ಣಿಗೂ ನಡುವೆ ಎರಡು ಇಂಚು ಸಂದು ಬಿಟ್ಟಿತ್ತು. ಅದರೊಳಗೆ ಅಳತೆಪಟ್ಟಿ ಇಳಿಬಿಟ್ಟರೆ ಒಂದೂವರೆ ಅಡಿ ಸಲೀಸಾಗಿ ಇಳಿಯಿತು.

ಆ ಬೇಸಿಗೆ ಟೆಕ್ಸಾಸಿನ ಈ ಭಾಗದವರು ಯಾರೂ ಮರೆಯುವಂಥದ್ದಲ್ಲ. ಡಾಲಸ್-ಫೋರ್ಟ್ ವರ್ತ್‌ನಲ್ಲಿ ಆ ವರ್ಷ 71 ದಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ಅದರಲ್ಲಿ 40 ದಿನ ಒಂದರ ಹಿಂದೆ ಒಂದು. ಹುಲ್ಲು ಸುಟ್ಟು ಹೋಗಿತ್ತು, ನಗರದಲ್ಲಿ ಹಿತ್ತಲಿಗೆ ನೀರು ಬಿಡುವುದಕ್ಕೆ ನಿರ್ಬಂಧ ಬಂದಿತ್ತು. ನೆಲ ಬಾಯಿ ಬಿಟ್ಟಿತ್ತು ಎಂದು ಊರಲ್ಲಿ ಹೇಳುತ್ತಾರಲ್ಲ, ಅದನ್ನು ಅಮೆರಿಕದಲ್ಲಿ ಕಂಡದ್ದು ಆಗಲೇ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯವನು. ಯರಿ ಹೊಲದಲ್ಲಿ ತೊಗರಿ, ಬಿಳಿಜೋಳ ಬೆಳೆಯುವ ಮನೆತನ. ಹೊಲದ ಕಪ್ಪು ಮಣ್ಣಿನ ಕೆಳಗೆ ಸುಣ್ಣಕಲ್ಲು. ಶಹಾಬಾದ್ ಫರ್ಸಿ ಎಂದು ನಾಡೆಲ್ಲ ನೆಲಕ್ಕೆ ಹಾಸುವುದು ಅದೇ ಕಲ್ಲನ್ನು. ಅಂಥ ಊರಿನಿಂದ ಬಂದವನು ಡಾಲಸ್ಸಿನ ಉತ್ತರದ ಪ್ಲೇನೊದಲ್ಲಿ ಮನೆ ಕೊಳ್ಳುವಾಗ ಅಡುಗೆಮನೆ ನೋಡಿದೆ, ಶಾಲೆ ವಿಚಾರಿಸಿದೆ, ಮಣ್ಣು ಮಾತ್ರ ನೋಡಲಿಲ್ಲ. ಈ ಊರುಗಳಲ್ಲಿ ಕನ್ನಡದ ಮನೆಗಳು ಬಹಳ ಇವೆ, ಹೆಚ್ಚಿನವು ನಿಂತಿರುವುದು ಇಂಥದೇ ನೆಲದ ಮೇಲೆ. ಅದಕ್ಕೇ ನಮ್ಮ ಮನೆಯ ಸಂಗತಿಯನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು. ಸಂದು ಕಂಡ ಸಂಜೆಯೇ ಅದರೊಳಗೆ ಪೈಪು ತೂರಿಸಿ ರಾತ್ರಿಯಿಡೀ ನೀರು ಬಿಟ್ಟೆ. ಬೆಳಗ್ಗೆಯೂ ಸಂದು ಹಾಗೇ ಇತ್ತು, ನೀರೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ವಾರಾಂತ್ಯ ಅಂಗಡಿಯಿಂದ ಏಳು ಚೀಲ ಮರಳು ತಂದು ಸಂದನ್ನು ತುಂಬಿದೆ. ಎರಡೂ ಮಾಡಬಾರದ ಕೆಲಸ. ಬಿರುಕಿನಲ್ಲಿ ಸುರಿದ ನೀರು ಮೇಲಿನ ಮಣ್ಣನ್ನು ನೆನೆಸದೆ ನೇರ ಕೆಳಗಿಳಿದು ಎಲ್ಲೋ ಒಂದು ಕಡೆ ಮಾತ್ರ ಮಣ್ಣನ್ನು ಉಬ್ಬಿಸುತ್ತದೆ. ಮರಳಂತೂ ಮಣ್ಣು ಮತ್ತೆ ಹಿಗ್ಗಲು ಬೇಕಾದ ಜಾಗವನ್ನೇ ಆಕ್ರಮಿಸುತ್ತದೆ. ಮಳೆ ಬಂದಾಗ ಹಿಗ್ಗಿದ ಮಣ್ಣು ಕಾಂಕ್ರೀಟಿನ ಅಂಚನ್ನೇ ದೂಡಬೇಕಾಗುತ್ತದೆ. ಮರಳನ್ನು ಆಮೇಲೆ ಚಮಚದಂಥ ಸಲಿಕೆಯಲ್ಲಿ ಎರಡು ದಿನ ಕೂತು ತೆಗೆದೆ.

ಅಡಿಪಾಯ ದುರಸ್ತಿಯ ಒಂದು ಕಂಪನಿಯವರು ಬಂದು ಅರ್ಧ ಗಂಟೆ ಅಳೆದು, ದಕ್ಷಿಣ ಮತ್ತು ಪೂರ್ವದ ಗೋಡೆಗಳ ಕೆಳಗೆ 16 ಕಂಬ ಇಳಿಸಿ ಮನೆಯನ್ನು ಜಾಕಿ ಹಾಕಿ ಎತ್ತಬೇಕೆಂದರು. ಬೆಲೆ ಕೇಳಿ ಹೆಂಡತಿ ಸುಮ್ಮನೆ ಕೂತುಬಿಟ್ಟಳು. ಮಾಮೂಲು ಮನೆವಿಮೆ ಮಣ್ಣಿನ ಸರಿದಾಟಕ್ಕೆ ದುಡ್ಡು ಕೊಡುವುದಿಲ್ಲ. ದುರಸ್ತಿ ಮಾರದ, ಬರೀ ತಪಾಸಣೆ ಮಾಡುವ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸುವುದೆಂದು ಆಗ ನಿರ್ಧರಿಸಿದೆವು. ಇಡೀ ಪ್ರಕರಣದಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಅದು.

ಅವರು ಮೊದಲು ಮಾಡಿಸಿದ್ದು ನೆಲದಡಿಯ ಚರಂಡಿ ಕೊಳವೆಗಳ ಸೋರಿಕೆ ಪರೀಕ್ಷೆ. ಸೋರಿಕೆ ಇರಲಿಲ್ಲ. ಆಮೇಲೆ ಕೋಣೆ ಕೋಣೆಯ ನೆಲಮಟ್ಟ ಅಳೆದರು. ಅವರ ಉಪಕರಣ ಕಂಡು ನನಗೆ ಊರ ಗೌಂಡಿಗಳ ನೆನಪಾಯಿತು: ಉದ್ದನೆಯ ಕೊಳವೆಯಲ್ಲಿ ದ್ರವ, ಒಂದು ತುದಿ ಒಂದೆಡೆ ಗಟ್ಟಿ, ಇನ್ನೊಂದು ತುದಿ ಊರೆಲ್ಲ ಸುತ್ತುತ್ತದೆ. ಗೌಂಡಿಗಳ ನೀರಿನ ಟ್ಯೂಬಿನ ತತ್ವವೇ, ಮಟ್ಟ ತೋರುವ ಗಡಿಯಾರದಂಥ ಫಲಕವೊಂದು ಹೆಚ್ಚು. ಅಡುಗೆಮನೆಯ ಮಟ್ಟಕ್ಕೆ ಹೋಲಿಸಿದರೆ ವಾಯವ್ಯ ಮೂಲೆ ಕದಲಿರಲಿಲ್ಲ. ಆಗ್ನೇಯ ಮೂಲೆ ಒಂದೂ ಮುಕ್ಕಾಲು ಇಂಚು ಕೆಳಗಿತ್ತು.

ಒಂದೇ ಮನೆ, ಒಂದೇ ಬಿಸಿಲು, ಒಂದೇ ಕಾಂಕ್ರೀಟು. ಒಂದು ಮೂಲೆ ಮಾತ್ರ ಏಕೆ ಇಳಿಯಿತು?

ಉತ್ತರ ಹುಡುಕಲು ಕೈಯಿಂದ ತಿರುಗಿಸುವ ಮಣ್ಣು ಕೊರೆಯುವ ಬೈರಿಗೆ ಬಾಡಿಗೆಗೆ ತಂದೆ. ವಾಯವ್ಯ ಮೂಲೆಯಲ್ಲಿ ಎರಡೂವರೆ ಅಡಿಗೆ ಬೈರಿಗೆ ಕಟಕಟ ಎಂದು ನಿಂತಿತು. ಮೇಲೆ ಬಂದದ್ದು ಕಡಲೆಹಿಟ್ಟಿನ ಬಣ್ಣದ ಮೆತ್ತನೆಯ ಕಲ್ಲುಪುಡಿ. ಅಡುಗೆಮನೆಯ ವಿನೆಗರ್ ಎರಡು ಹನಿ ಬಿಟ್ಟೆ, ಬುಸುಗುಟ್ಟಿ ನೊರೆ ಎದ್ದಿತು. ಸುಣ್ಣಕಲ್ಲು. ಆಗ್ನೇಯ ಮೂಲೆಯಲ್ಲಿ ಆರು ಅಡಿ ಕೊರೆದರೂ ಕಪ್ಪು ಜೇಡಿ. ಏಳನೇ ಅಡಿಗೆ ಬೂದು-ಹಳದಿ ಜೇಡಿಯಲ್ಲಿ ಬಿಳಿಯ ಸುಣ್ಣದ ಗಂಟುಗಳು ಕಾಣತೊಡಗಿದವು. ಕಲ್ಲು ಸಿಗಲೇ ಇಲ್ಲ, ನನ್ನ ತೋಳು ಸೋತಿತು. ಎರಡು ಮೂಲೆಗಳ ನಡುವೆ ಇರುವುದು ಐವತ್ತು ಹೆಜ್ಜೆ. ನಿವೇಶನ ಹಿಂದಿನ ಹಳ್ಳದ ಕಡೆಗೆ ಇಳಿಜಾರು. ಮೇಲುಗಡೆ ಮಣ್ಣು ತೆಳ್ಳಗೆ, ಹಳ್ಳದ ಕಡೆ ಆಳ.

ಅಮೆರಿಕದ ಕೃಷಿ ಇಲಾಖೆ ದೇಶದ ಮಣ್ಣಿನ ನಕಾಶೆಯನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ, ‘ವೆಬ್ ಸಾಯಿಲ್ ಸರ್ವೆ’ ಎಂಬ ಹೆಸರಲ್ಲಿ. ಅದರಲ್ಲಿ ನಮ್ಮ ವಿಳಾಸ ಹಾಕಿದೆ. ಎರಡು ಮಣ್ಣುಗಳ ಗಡಿಗೆರೆ ನಮ್ಮ ಹಿತ್ತಲನ್ನೇ ಹಾದು ಹೋಗಿತ್ತು. ಮೇಲುಗಡೆ ‘ಆಸ್ಟಿನ್’ ಮಣ್ಣು, ಸುಣ್ಣಕಲ್ಲಿನ ಮೇಲೆ ಎರಡು ಮೂರು ಅಡಿ ದಪ್ಪ. ಕೆಳಗಡೆ ‘ಹ್ಯೂಸ್ಟನ್ ಬ್ಲ್ಯಾಕ್’. ಮನೆ ಕೊಳ್ಳುವ ಮೊದಲು ಐದು ನಿಮಿಷ ಕೂತಿದ್ದರೆ ಇದನ್ನು ನೋಡಬಹುದಿತ್ತು.

ಹ್ಯೂಸ್ಟನ್ ಬ್ಲ್ಯಾಕ್ ಎಂಬುದು ಮಣ್ಣು ವಿಜ್ಞಾನಿಗಳಿಗೆ ಜಗತ್ತಿನ ಹೆಸರಾಂತ ಮಣ್ಣುಗಳಲ್ಲೊಂದು. 1902ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟರು. ಡಾಲಸ್ಸಿನ ಉತ್ತರದಿಂದ ಸ್ಯಾನ್ ಅಂಟೋನಿಯೊವರೆಗೆ ಪಟ್ಟಿಯಂತೆ ಸುಮಾರು 15 ಲಕ್ಷ ಎಕರೆ ಹರಡಿದೆ. ಈ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರು, ಅಂದರೆ ಕರಿನೆಲದ ಹುಲ್ಲುಗಾವಲು. ಹಳೆಯ ರೈತರು ಇದನ್ನು ‘ಬ್ಲ್ಯಾಕ್ ವ್ಯಾಕ್ಸಿ’ ಎನ್ನುತ್ತಿದ್ದರು, ಕಪ್ಪು ಮೇಣ. ಮಳೆಯಲ್ಲಿ ಒಂದು ಫರ್ಲಾಂಗು ನಡೆದರೆ ಬೂಟಿಗೆ ಎರಡು ಸೇರು ಮಣ್ಣು ಮೆತ್ತುತ್ತದೆ. ಚಿತ್ತಾಪುರದ ಹೊಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಸುಣ್ಣಕಲ್ಲು ಬಿಳಿ, ಮಣ್ಣು ಕಪ್ಪು. ಅದರಿಂದ ಇದು ಹೇಗೆ ಹುಟ್ಟಿತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಸುಮಾರು 8.5 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಉತ್ತರ ಅಮೆರಿಕವನ್ನು ನಡುವೆ ಸೀಳಿಕೊಂಡು ಹರಡಿದ್ದ ಆ ಸಮುದ್ರದ ತಳಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಹೊದಿಕೆಗಳು ಉದುರಿ, ಕೂತು, ಗಟ್ಟಿಯಾಗಿ ಆಸ್ಟಿನ್ ಚಾಕ್ ಎಂಬ ಕಲ್ಲಾಯಿತು. ಡಾಲಸ್ಸಿನ ವೈಟ್ ರಾಕ್ ಕೆರೆಗೆ ಆ ಹೆಸರು ಬಂದದ್ದು ಹಳ್ಳದ ದಂಡೆಯಲ್ಲಿ ಕಾಣುವ ಈ ಬಿಳಿ ಕಲ್ಲಿನಿಂದ. ಸಮುದ್ರದಲ್ಲಿ ಸುಣ್ಣದ ಜೊತೆ ನದಿಗಳು ತಂದ ಜೇಡಿಯೂ ಕೂತಿತ್ತು. ಕೆಲವು ಪದರಗಳಲ್ಲಿ ಸ್ವಲ್ಪ, ಕೆಲವದರಲ್ಲಿ ಬಹಳ. ಜೇಡಿ ಹೆಚ್ಚಿದ ಮೆತ್ತನೆಯ ಪದರಕ್ಕೆ ಮಾರ್ಲ್ ಎನ್ನುತ್ತಾರೆ.

ಮಳೆನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣ ಕರಗಿ ಹೋಗುತ್ತದೆ, ಜೇಡಿ ಉಳಿಯುತ್ತದೆ. ಕಲ್ಲಿನಲ್ಲಿ ಹತ್ತರಲ್ಲೊಂದು ಪಾಲು ಜೇಡಿ ಇದ್ದರೆ ಹತ್ತಡಿ ಕಲ್ಲು ಕರಗಿ ಒಂದಡಿಯಷ್ಟು ಮಣ್ಣು. ಅದಕ್ಕೇ ಶುದ್ಧ ಚಾಕಿನ ಮೇಲೆ ಮಣ್ಣು ತೆಳು, ಮಾರ್ಲಿನ ಮೇಲೆ ದಪ್ಪ. ಇಳಿಜಾರಿನ ತಗ್ಗಿಗೆ ಮೇಲಿನ ಮಣ್ಣೂ ತೊಳೆದು ಬಂದು ಸೇರುತ್ತದೆ. ನಮ್ಮ ಹಿತ್ತಲಿನ ಲೆಕ್ಕ ಇಷ್ಟರಲ್ಲೇ ಇತ್ತು.

ಉಳಿದ ಜೇಡಿಯ ಗುಣವೇ ಮುಖ್ಯ. ಇದರಲ್ಲಿ ನೂರಕ್ಕೆ 40ರಿಂದ 60 ಪಾಲು ಜೇಡಿಕಣ, ಅದರಲ್ಲೂ ಸ್ಮೆಕ್ಟೈಟ್ ಎಂಬ ಜಾತಿಯದು ಹೆಚ್ಚು. ಈ ಖನಿಜದ ಹಾಳೆಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರುತ್ತವೆ. ನೀರು ಹಾಳೆಗಳ ನಡುವೆಯೇ ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ. ಒಣಗಿದರೆ ಮತ್ತೆ ಹತ್ತಿರ. ಮಣ್ಣು ಎಷ್ಟು ಜಿಗುಟೆಂದು ಅಳೆಯಲು ಪ್ರಯೋಗಾಲಯದವರು ಒದ್ದೆ ಮಣ್ಣನ್ನು ಗಾಜಿನ ಮೇಲೆ ಶಾವಿಗೆಯಂತೆ ಹೊಸೆಯುತ್ತಾರೆ. ಮೂರು ಮಿಲಿಮೀಟರ್ ದಪ್ಪಕ್ಕೆ ಹೊಸೆಯುವಾಗ ಎಷ್ಟು ನೀರಿದ್ದರೆ ಎಳೆ ಮುರಿಯುತ್ತದೆ, ಎಷ್ಟು ನೀರಿದ್ದರೆ ಮಣ್ಣು ಹರಿಯತೊಡಗುತ್ತದೆ, ಈ ಎರಡರ ಅಂತರವೇ ಸೂಚ್ಯಂಕ. ಕಟ್ಟಡ ಸಂಹಿತೆ ಹಿಗ್ಗುವ ಮಣ್ಣನ್ನು ಗುರುತಿಸಲು ಇಟ್ಟ ಗುರುತುಗಳಲ್ಲಿ ಈ ಸೂಚ್ಯಂಕ 15 ಮುಟ್ಟುವುದೂ ಒಂದು. ಹ್ಯೂಸ್ಟನ್ ಬ್ಲ್ಯಾಕ್ ಸಾಮಾನ್ಯವಾಗಿ ಅದರ ಎರಡು ಪಟ್ಟಿಗೂ ಮೇಲೆ.

ಬೇಸಿಗೆಯಲ್ಲಿ ಇದು ಆಳವಾಗಿ ಸೀಳುತ್ತದೆ. ಮೊದಲ ಮಳೆ ಬಿರುಕುಗಳಲ್ಲಿ ಸರಸರ ಇಳಿಯುತ್ತದೆ. ಮಣ್ಣು ಹಿಗ್ಗಿ ಬಿರುಕು ಮುಚ್ಚಿದ ಮೇಲೆ ಗಂಟೆಗೆ ಒಂದೂವರೆ ಮಿಲಿಮೀಟರಿನಷ್ಟೂ ಇಂಗುವುದಿಲ್ಲ, ಉಳಿದದ್ದೆಲ್ಲ ಹರಿದು ಹೋಗುತ್ತದೆ. ಬಾಯಿ ಬಿಟ್ಟಾಗ ಮೇಲಿನ ಪುಡಿಮಣ್ಣು ಒಳಗೆ ಉದುರುತ್ತದೆ. ಮಳೆ ಬಂದು ಹಿಗ್ಗುವಾಗ ಕೆಳಗೆ ಜಾಗವಿಲ್ಲದೆ ಮಣ್ಣಿನ ಹೆಂಟೆಗಳು ಒಂದನ್ನೊಂದು ಓರೆಯಾಗಿ ಉಜ್ಜಿಕೊಂಡು ಮೇಲೆ ಸರಿಯುತ್ತವೆ. ಹಾಗೆ ಉಜ್ಜಿದ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಮುಂದೆ ಚರಂಡಿ ತೋಡಿಸಿದಾಗ ನಾಲ್ಕು ಅಡಿ ಆಳದಲ್ಲಿ ಅಂಥ ಒಂದು ಹೆಂಟೆ ಸಿಕ್ಕಿತು, ಬೆರಳಾಡಿಸಿದರೆ ಗಾಜಿನಂತಿತ್ತು. ಈ ಜಾತಿಯ ಮಣ್ಣಿಗೆ ವರ್ಟಿಸಾಲ್ ಎನ್ನುವುದು ಲ್ಯಾಟಿನ್ನಿನ ‘ಮಗುಚು’ ಎಂಬರ್ಥದ ಪದದಿಂದ. ನಮ್ಮ ಎರೆಮಣ್ಣೂ ಇದೇ ಕುಲದ್ದು. ದಖನ್ನಿನ ಬಹುಪಾಲು ಎರೆಮಣ್ಣು ಕಪ್ಪು ಅಗ್ನಿಶಿಲೆಯಿಂದ ಹುಟ್ಟಿತು, ನಮ್ಮ ಸೀಮೆಯಲ್ಲಿ ಸುಣ್ಣಕಲ್ಲಿನ ಮೇಲೂ ಹಾಸಿದೆ. ತಾಯಿಕಲ್ಲು ಬೇರೆಯಾದರೂ ಸ್ಮೆಕ್ಟೈಟ್ ಬಂದರೆ ನಡತೆ ಒಂದೇ.

ಇದರ ಕಪ್ಪು ಕಂಡು ಬಹಳ ಗೊಬ್ಬರದಂಶ ಇದೆ ಎಂದುಕೊಳ್ಳುವವರು ಹೆಚ್ಚು. ಹುಲ್ಲಿನ ಬೇರು ಕೊಳೆತ ಅಂಶ ನೂರಕ್ಕೆ ಕೆಲವೇ ಪಾಲು. ಅದು ಜೇಡಿಕಣಕ್ಕೆ ಬಿಗಿಯಾಗಿ ಅಂಟಿ ಬಣ್ಣ ಕೊಡುತ್ತದೆ. ಸುಣ್ಣ ತುಂಬಿದ್ದರಿಂದ ಮಣ್ಣು ಕ್ಷಾರ, ಪಿಎಚ್ ಎಂಟರ ಆಸುಪಾಸು. ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಹೆಂಡತಿ ನೆಲಕ್ಕೆ ಇಟ್ಟ ಕರಿಬೇವು ನರ ಮಾತ್ರ ಹಸಿರಾಗಿ ಎಲೆಯೆಲ್ಲ ಹಳದಿಯಾದದ್ದು ಇದಕ್ಕೇ. ಕುಂಡದಲ್ಲಿ ಬೇರೆ ಮಣ್ಣು ಹಾಕಿದ ಮೇಲೆ ಚಿಗುರಿತು.

ಮನೆಯ ವಿಷಯಕ್ಕೆ ಬರುವ ಮೊದಲು ಈ ನೆಲದ ಇನ್ನೊಂದು ಗುಣ ಹೇಳಬೇಕು. 2012ರ ವಸಂತದಲ್ಲಿ ಹಂಟ್ ಕೌಂಟಿಯ ಕ್ಲೈಮರ್ ಮೆಡೋ ಎಂಬ ಸಂರಕ್ಷಿತ ಹುಲ್ಲುಗಾವಲಿಗೆ ಹೋಗಿದ್ದೆ. ಕರಿನೆಲದ ಹುಲ್ಲುಗಾವಲು ಒಂದು ಕಾಲಕ್ಕೆ ಈ ಪಟ್ಟಿಯನ್ನೆಲ್ಲ ತುಂಬಿತ್ತು. ಈಗ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. 1872ರಲ್ಲಿ ಡಾಲಸ್ಸಿಗೂ ಪ್ಲೇನೊಗೂ ರೈಲು ಬಂತು. ಉಕ್ಕಿನ ನೇಗಿಲು ಈ ಜಿಗುಟು ಮಣ್ಣನ್ನು ಸೀಳಿತು, ಎಲ್ಲೆಲ್ಲೂ ಹತ್ತಿಯಾಯಿತು, ಆಮೇಲೆ ಹತ್ತಿ ಹೊಲಗಳು ಬಡಾವಣೆಗಳಾದವು. ಉಳಿದ ಆ ತುಣುಕಿನಲ್ಲಿ ಬ್ಲೂಸ್ಟೆಮ್ ಎಂಬ ಹುಲ್ಲಿನ ನಡುವೆ ನಡೆದರೆ ಕಾಲು ಏರುತ್ತದೆ, ಇಳಿಯುತ್ತದೆ. ದಿಬ್ಬ, ಕುಳಿ, ದಿಬ್ಬ, ಕುಳಿ. ಅರ್ಧ ಅಡಿಯಿಂದ ಒಂದೂವರೆ ಅಡಿ ಎತ್ತರದ ವ್ಯತ್ಯಾಸ, ಕೆಲವೇ ಹೆಜ್ಜೆಗೊಂದು. ಮಳೆಯ ಮರುದಿನವಾದ್ದರಿಂದ ಕುಳಿಗಳಲ್ಲೆಲ್ಲ ನೀರು ನಿಂತಿತ್ತು. ಇದಕ್ಕೆ ಗಿಲ್ಗೈ ಎಂದು ಹೆಸರು, ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಇಲ್ಲಿನ ಮೊದಲ ಬಿಳಿಯ ವಲಸಿಗರು ಹಂದಿಗಳು ಹೊರಳಾಡಿದ ಕುಳಿಗಳೆಂದು ಭಾವಿಸಿ ‘ಹಾಗ್‌ವ್ಯಾಲೊ’ ಎಂದರು. ಮಾಡಿದ್ದು ಮಾತ್ರ ಮಣ್ಣೇ, ಸಾವಿರಾರು ವರ್ಷ ಹಿಗ್ಗಿ ಕುಗ್ಗಿ. ದಿಬ್ಬದ ಕೆಳಗೆ ಸುಣ್ಣದ ತಿಳಿಮಣ್ಣು ಮೇಲಕ್ಕೆ ತಳ್ಳಲ್ಪಟ್ಟಿರುತ್ತದೆ, ಕುಳಿಯ ಕೆಳಗೆ ಕಪ್ಪು ಆಳಕ್ಕಿಳಿದಿರುತ್ತದೆ.

ಬಡಾವಣೆ ಮಾಡುವಾಗ ಬುಲ್‌ಡೋಜರ್ ಮೇಲಿನ ಏರಿಳಿತವನ್ನು ಸವರಿಹಾಕುತ್ತದೆ. ನೆಲದ ಒಳಗಿನ ಅಲೆ ಹಾಗೇ ಉಳಿಯುತ್ತದೆ. ಸಮತಟ್ಟಾಗಿ ಕಾಣುವ ನಿವೇಶನದಲ್ಲೂ ಹತ್ತು ಅಡಿ ಈಚೆಗೊಂದು ಬಗೆ, ಆಚೆಗೊಂದು ಬಗೆ ಮಣ್ಣು ಹಿಗ್ಗುತ್ತದೆ. ಈ ಮಾತನ್ನು ನಮ್ಮ ಎಂಜಿನಿಯರ್ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಮರಗಳು ಇಲ್ಲಿ ಹಳ್ಳದ ದಂಡೆಗಳಲ್ಲೇ ಹೆಚ್ಚಾಗಿ ಇದ್ದದ್ದಕ್ಕೂ ಮಣ್ಣಿನದೊಂದು ಪಾತ್ರವಿದೆ: ಬರ, ಬೆಂಕಿ, ಕಾಡೆಮ್ಮೆಗಳ ಮೇವಿನ ಜೊತೆಗೆ ಈ ಬಿರುಕುಗಳು ಎಳೆ ಮರದ ಬೇರನ್ನು ಹರಿಯುತ್ತಿದ್ದವು. ಹುಲ್ಲು ಅದನ್ನು ತಾಳಿಕೊಂಡಿತು. ನಮ್ಮ ಮನೆಯ ದಕ್ಷಿಣ ಗೋಡೆಗೆ ಹತ್ತೇ ಅಡಿ ದೂರದಲ್ಲಿ ಹಿಂದಿನ ಮಾಲೀಕರು ನೆಟ್ಟ ದೊಡ್ಡ ಓಕ್ ಮರವಿತ್ತು.

ಆ ಆಗಸ್ಟಿನಲ್ಲೇ ಒಂದು ದಿನ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. “ಪಾಯ ಕಲ್ಲಿನ ತನಕ ತೋಡ್ಯಾರೇನು? ನೀರು ಯಾವ ಕಡಿ ನಿಲ್ತದ? ಗಿಡ ಎಷ್ಟು ದೂರ ಅದ?” ನಾನು ಉತ್ತರ ಕೊಟ್ಟ ಮೇಲೆ ಅಂದರು: “ಯರಿ ಮಣ್ಣ ತಪ್ಪಿಲ್ಲ ತಮ್ಮಾ. ಒಂದ ಕಡಿ ಹಸಿ, ಒಂದ ಕಡಿ ಒಣ ಆಗ್ಯಾದ. ಹದ ತಪ್ಯಾದ.” ನಮ್ಮೂರಲ್ಲಿ ಗರಸೋ ಸುಣ್ಣಕಲ್ಲೋ ಹತ್ತುವ ತನಕ ಪಾಯ ತೋಡಿ, ಕಪ್ಪು ಮಣ್ಣು ತೆಗೆದು ಹಾಕಿ, ಗರಸು ತುಂಬಿ ಮನೆ ಕಟ್ಟುತ್ತಿದ್ದರು. ಪ್ಲೇನೊದ ನಮ್ಮ ಮನೆ ಕಪ್ಪು ಮಣ್ಣಿನ ಮೇಲೆ ತೆಪ್ಪದ ಹಾಗೆ ಕೂತ ಕಾಂಕ್ರೀಟ್ ಹಲಗೆ. ಒಳಗೆ ಉಕ್ಕಿನ ಹುರಿಗಳನ್ನು ಎಳೆದು ಬಿಗಿ ಮಾಡಿರುತ್ತಾರೆ. ಮಣ್ಣು ಎಲ್ಲ ಕಡೆ ಸಮನಾಗಿ ಏರಿಳಿದರೆ ತೆಪ್ಪವೂ ಸಮನಾಗಿ ಏರಿಳಿಯುತ್ತದೆ, ಯಾವ ಗೋಡೆಯೂ ಸೀಳುವುದಿಲ್ಲ.

ಎಂಜಿನಿಯರ್ ತಮ್ಮ ವರದಿಯಲ್ಲಿ ಬರೆದದ್ದೂ ಬೇರೆ ಮಾತಿನಲ್ಲಿ ಅದೇ. ವಾಯವ್ಯದಲ್ಲಿ ಎರಡೂವರೆ ಅಡಿ ಮಣ್ಣು ಒಣಗಿ ಕುಗ್ಗಿದರೂ ಕಾಣದಷ್ಟು; ಆಗ್ನೇಯದಲ್ಲಿ ಏಳಡಿಗೂ ಹೆಚ್ಚು ಮಣ್ಣು ಕುಗ್ಗಿದೆ. ಆ ಆಳದ ನೀರನ್ನು ಓಕ್ ಹೀರಿದೆ. ಎದುರು ಬದಿಯಲ್ಲಿ ಏಸಿಯ ನೀರು ಬೇಸಿಗೆಯಿಡೀ ತೊಟ್ಟಿಕ್ಕಿ ಒಂದು ಜಾಗವನ್ನು ಸದಾ ಹಸಿಯಾಗಿಟ್ಟಿದೆ. ಕಂಬ ಹಾಕುವ ಬಗ್ಗೆ ಅವರ ನಿಲುವು ಖಚಿತವಾಗಿತ್ತು: ಮಣ್ಣು ಅತಿ ಹೆಚ್ಚು ಕುಗ್ಗಿರುವ ದಿನ ಮನೆಯನ್ನು ಎತ್ತಿ ನಿಲ್ಲಿಸಿದರೆ, ಮಳೆಗೆ ಉಳಿದ ಭಾಗ ಏರಿದಾಗ ಅಳತೆ ಮತ್ತೆ ತಪ್ಪುತ್ತದೆ. ಒಂದು ವರ್ಷ ಕಾಯಿರಿ, ಹದ ಸರಿ ಮಾಡಿ, ಅಳೆಯುತ್ತಿರಿ. ಹಾಗೂ ಇಳಿಯುತ್ತಲೇ ಇದ್ದರೆ ಆಗ ಕಂಬ. ಕಂಬಗಳನ್ನು ಅವರು ತಳ್ಳಿಹಾಕಲಿಲ್ಲ, ಎಷ್ಟೋ ಮನೆಗಳಿಗೆ ಬೇಕೇ ಬೇಕು ಎಂದರು.

ಮಾಡಿದ ಕೆಲಸಗಳು ಸರಳ. ಮನೆಯ ಸುತ್ತ, ಗೋಡೆಯಿಂದ ಒಂದೂವರೆ ಅಡಿ ದೂರ, ಜಿನುಗುವ ಪೈಪು ಹಾಸಿದೆವು. ನಗರದ ನಿಯಮ ಬಿಟ್ಟ ವೇಳೆಯಲ್ಲಿ ಸ್ವಲ್ಪ ಸ್ವಲ್ಪ, ಎಲ್ಲ ಬದಿಗೂ. ನೆನೆಸಿ ಕೆಸರು ಮಾಡುವುದಲ್ಲ. ಬೆರಳೂರಿದರೆ ತಂಪು ತಾಗಬೇಕು, ಅಂಟಬಾರದು. ಏಸಿಯ ನೀರನ್ನೂ ಸೂರಿನ ನೀರನ್ನೂ ಕೊಳವೆಯಲ್ಲಿ ಹಳ್ಳದ ಕಡೆಗೆ ದೂರ ಒಯ್ದೆವು. ಚಳಿಗಾಲದಲ್ಲಿ ಗೋಡೆಗೂ ಓಕಿಗೂ ನಡುವೆ ನಾಲ್ಕು ಅಡಿ ಆಳದ ಚರಂಡಿ ತೋಡಿ ಬೇರುತಡೆ ಹಾಳೆ ಇಳಿಸಿದೆವು. ಮರ ಕಡಿಯಲಿಲ್ಲ. ಕಡಿದರೆ ಇಷ್ಟು ವರ್ಷ ಒಣಗಿದ್ದ ಆಳದ ಮಣ್ಣು ನೀರು ಕುಡಿದು ಉಬ್ಬುವ ಅಪಾಯವಿದೆ ಎಂದು ಎಂಜಿನಿಯರ್ ಎಚ್ಚರಿಸಿದ್ದರು.

ಅಂಗಡಿಯಿಂದ ಪಾರದರ್ಶಕ ಟ್ಯೂಬು ತಂದು ನೀರು ತುಂಬಿ ಪ್ರತಿ ಮೂರು ತಿಂಗಳಿಗೆ ಮನೆಯ ಮಟ್ಟ ಅಳೆಯುವುದು ನನ್ನ ಪಾಲಿಗೆ ಬಂತು. ಹೆಂಡತಿ ಅಡುಗೆಮನೆಯಲ್ಲಿ ಒಂದು ತುದಿ ಹಿಡಿಯುತ್ತಾಳೆ. ಸೀಳಿನ ಎರಡು ಬದಿಗೆ ಪೆನ್ಸಿಲಿನಲ್ಲಿ ಗೆರೆ, ಪಕ್ಕದಲ್ಲಿ ತಾರೀಖು. ಚಳಿಗಾಲದ ಮಳೆಗಳ ನಂತರ 2012ರ ಮಾರ್ಚಿನಲ್ಲಿ ಆಗ್ನೇಯ ಮೂಲೆ ಏರಿ ಒಂದೂ ಕಾಲು ಇಂಚಷ್ಟೇ ಕೆಳಗಿತ್ತು. ಬಾಗಿಲು ಹಾಕಿಕೊಂಡಿತು. ಮುಂದಿನ ಬೇಸಿಗೆಗಳಲ್ಲಿ ಮತ್ತೆ ಕಾಲಿಂಚು ಇಳಿಯುವುದು, ಚಳಿಗಾಲದಲ್ಲಿ ಏರುವುದು ನಡೆಯಿತು. ಏರಿಳಿತ ನಿಲ್ಲಲಿಲ್ಲ, ಅದರ ಮಿತಿ ಕಿರಿದಾಯಿತು.

ಆಮೇಲೆ 2015ರ ಮೇ ಬಂತು. ಟೆಕ್ಸಾಸ್ ರಾಜ್ಯದ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಸುರಿದ ತಿಂಗಳು. ಹಳ್ಳ ನಮ್ಮ ಬೇಲಿಯ ತನಕ ಏರಿತ್ತು. ಜೂನಿನಲ್ಲಿ ಅಳೆದಾಗ ಆಗ್ನೇಯ ಮೂಲೆ ಅರ್ಧ ಇಂಚು ಮಾತ್ರ ಕೆಳಗಿತ್ತು, ಇಟ್ಟಿಗೆಯ ಸೀಳು ಕೂದಲೆಳೆಗೆ ಇಳಿದಿತ್ತು, ಕಿರುಬೆರಳು ತೂರಿದ್ದ ಜಾಗದಲ್ಲಿ ಈಗ ಕಾಗದ ತೂರುವುದಿಲ್ಲ. ಆದರೆ ಪೂರ್ವದ ಸ್ನಾನದ ಮನೆಯ ಬಾಗಿಲು ಹೊಸದಾಗಿ ಬಿಗಿಯಾಯಿತು. ಅಂಚಿನ ಮಣ್ಣು ನಡುವಿನದಕ್ಕಿಂತ ಹೆಚ್ಚು ನೀರು ಕುಡಿದು ಅಲ್ಲಿ ಹಲಗೆಯ ಅಂಚು ತುಸು ಎದ್ದಿತ್ತು. ಎಂಜಿನಿಯರಿಗೆ ಅಳತೆಗಳನ್ನು ಕಳಿಸಿದೆ. ಬಾಗಿಲನ್ನು ಕೆತ್ತಿಸಬೇಡಿ, ಸೆಪ್ಟೆಂಬರಿನ ತನಕ ನೋಡಿ ಎಂದು ಬರೆದರು. ಸೆಪ್ಟೆಂಬರ್ ಮೂರನೇ ವಾರ ಅದು ತಾನಾಗಿ ಸಡಿಲಾಯಿತು. 16 ಕಂಬಗಳ ಆ ಅಂದಾಜು ಪಟ್ಟಿ ಮನೆಯ ಕಾಗದಗಳ ಕಡತದಲ್ಲಿ, ಮಣ್ಣಿನ ನಕಾಶೆಯ ಜೊತೆಗೆ ಇದೆ.